ಮಾಂಟೆ ಕ್ರಿಸ್ಟೋ: ನ್ಯಾಯ ಎಲ್ಲಿ ಮುಗಿಯಿತು, ಸೇಡು ಎಲ್ಲಿ ಆರಂಭವಾಯಿತು?



ಮಾತು ಬಿಟ್ಟ ಅಣ್ಣತಮ್ಮಂದಿರು ಇಲ್ಲದ ಧರ್ಮಕೇಂದ್ರ ಇಲ್ಲವೆಂದೇ ಹೇಳಬಹುದು. ಒಂದೇ ದೇವಾಲಯಕ್ಕೆ ಬರುತ್ತಾರೆ, ಒಂದೇ ಪರಮಪ್ರಸಾದವನ್ನು ಸ್ವೀಕರಿಸುತ್ತಾರೆ. ಶಾಂತಿ ಸಂಕೇತ ನೀಡುವ ಹೊತ್ತಿಗೆ ಮಾತ್ರ ಒಬ್ಬರು ಎಡಕ್ಕೆ ತಿರುಗಿದರೆ ಇನ್ನೊಬ್ಬರು ಬಲಕ್ಕೆ ತಿರುಗುತ್ತಾರೆ. ಗುರುಗಳು ಕರೆದು ವಿಚಾರಿಸಿದರೆ ಇಬ್ಬರಿಂದಲೂ ಬರುವ ಉತ್ತರ ಒಂದೇ: "ನನಗೆ ಸೇಡು ಬೇಡ ಫಾದರ್, ನ್ಯಾಯ ಸಿಕ್ಕಿದರೆ ಸಾಕು."

ಹೀಗೆ ಹೇಳುವವರು ಸುಳ್ಳು ಹೇಳುತ್ತಿದ್ದಾರೆಂದು ನಾವು ತಿಳಿಯಬೇಕಾಗಿಲ್ಲ. ಜಮೀನಿನ ಬದು ಒತ್ತುವರಿಯಾಗಿರಬಹುದು, ತಾಯಿಯ ಒಡವೆ ಒಬ್ಬರ ಪಾಲಾಗಿರಬಹುದು, ಸಾಲಕ್ಕೆ ಜಾಮೀನು ನಿಂತವರು ಮೋಸ ಹೋಗಿರಬಹುದು. ಅನ್ಯಾಯ ನಿಜ, ನೋವೂ ನಿಜ. ಆದರೂ ವರ್ಷಗಳು ಕಳೆದಂತೆ ನ್ಯಾಯದ ಹಂಬಲ ಯಾವಾಗ ಸೇಡಾಯಿತು ಎಂಬುದು ಅದನ್ನು ಹೊತ್ತವರಿಗೇ ತಿಳಿಯದೆ ಹೋಗುತ್ತದೆ. ಈ ಬದಲಾವಣೆಯನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುವ ಒಂದು ಫ್ರೆಂಚ್ ಕಾದಂಬರಿ ಇದೆ. ಈ ವಾರ ಅದನ್ನು ನಮ್ಮ ವಿಶ್ವಾಸದ ಬೆಳಕಿನಲ್ಲಿ ಓದೋಣ.

ಅಲೆಕ್ಸಾಂಡರ್ ಡ್ಯೂಮಾ ಬರೆದ 'ಮಾಂಟೆ ಕ್ರಿಸ್ಟೋದ ಕೌಂಟ್' ಪ್ಯಾರಿಸಿನ ದಿನಪತ್ರಿಕೆಯೊಂದರಲ್ಲಿ 1844ರಿಂದ 1846ರವರೆಗೆ ಧಾರಾವಾಹಿಯಾಗಿ ಪ್ರಕಟವಾಯಿತು. ಕಥೆ ಹೆಣೆಯುವುದರಲ್ಲಿ ಓಗಸ್ಟ್ ಮಾಕೆ ಎಂಬವರ ಸಹಾಯವೂ ಇತ್ತು. ಸೆರೆಮನೆ, ನಿಧಿ, ವೇಷ ಬದಲಾವಣೆ, ವಿಷಪ್ರಾಶನ, ದರೋಡೆಕೋರರು ಎಲ್ಲವೂ ಇದರಲ್ಲಿವೆ. ಇಂಥ ಪುಸ್ತಕ ಧರ್ಮದ ಪುಟದಲ್ಲೇಕೆ ಎಂದು ಹಿರಿಯರು ಕೇಳಬಹುದು. ಡ್ಯೂಮಾನ ಪ್ರಣಯ ಕಾದಂಬರಿಗಳನ್ನು ಧರ್ಮಸಭೆ 1863ರಲ್ಲಿ ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿಸಿತ್ತು ಎಂಬುದು ಸತ್ಯ. ಆ ಪಟ್ಟಿಯೇ 1966ರಲ್ಲಿ ರದ್ದಾಯಿತು. ಹೈಸ್ಕೂಲು ಮಕ್ಕಳ ಕೈಗೆ ಇಡೀ ಪುಸ್ತಕ ಕೊಡಬೇಕಾಗಿಲ್ಲ. ದೊಡ್ಡವರು ಧಾರಾಳವಾಗಿ ಓದಬಹುದು. ಸಿನಿಮಾ ನೋಡಿದ್ದೇವೆ, ಕಥೆ ಗೊತ್ತು ಎನ್ನುವವರಿಗೆ ಒಂದು ಮಾತು: 2002ರ ಇಂಗ್ಲಿಷ್ ಚಿತ್ರದಲ್ಲಿ ನಾಯಕನು ಶತ್ರುವನ್ನು ಕತ್ತಿಯಿಂದ ಇರಿದು ಕೊಂದು ತನ್ನ ಪ್ರಿಯೆಯನ್ನು ಮರಳಿ ಪಡೆಯುತ್ತಾನೆ. ಕಾದಂಬರಿಯಲ್ಲಿ ಹಾಗಿಲ್ಲ. ನಾವು ಕಲಿಯಬೇಕಾದ ಪಾಠ ಆ ಚಿತ್ರ ಕೈಬಿಟ್ಟ ಭಾಗದಲ್ಲೇ ಇದೆ.

ಒಂದು ಮೂಗರ್ಜಿ, ಹದಿನಾಲ್ಕು ವರ್ಷ

ಎಡ್ಮಂಡ್ ಡಾಂಟೆಸ್ ಮಾರ್ಸೇಲ್ಸ್ ಬಂದರಿನ ಹತ್ತೊಂಬತ್ತು ವರ್ಷದ ನಾವಿಕ. 1815ರ ಫೆಬ್ರವರಿಯಲ್ಲಿ ಹಡಗಿನೊಂದಿಗೆ ಊರಿಗೆ ಮರಳಿದಾಗ ಅವನಿಗೆ ಕಪ್ತಾನ ಪದವಿ ಸಿಗುವುದರಲ್ಲಿತ್ತು, ಮರ್ಸೆಡೆಸ್ ಎಂಬ ಹುಡುಗಿಯೊಂದಿಗೆ ಮದುವೆ ನಿಶ್ಚಯವಾಗಿತ್ತು. ಹಡಗಿನ ಲೆಕ್ಕಪತ್ರ ನೋಡುತ್ತಿದ್ದ ಡಾಂಗ್ಲಾರ್‌ನಿಗೆ ಆ ಪದವಿಯ ಮೇಲೆ ಹೊಟ್ಟೆಕಿಚ್ಚು. ಫರ್ನಾಂಡ್‌ನಿಗೆ ಆ ಹುಡುಗಿಯ ಮೇಲೆ ಆಸೆ. ಡಾಂಟೆಸ್ ದೇಶಭ್ರಷ್ಟ ನೆಪೋಲಿಯನ್ನನ ಗೂಢಚಾರನೆಂದು ಡಾಂಗ್ಲಾರ್ ಎಡಗೈಯಲ್ಲಿ ಮೂಗರ್ಜಿ ಬರೆದ, ಫರ್ನಾಂಡ್ ಅದನ್ನು ಅಂಚೆಗೆ ಹಾಕಿದ. ಪಕ್ಕದಲ್ಲಿ ಕುಡಿದು ಕುಳಿತಿದ್ದ ನೆರೆಮನೆಯ ಕಾದರೂಸ್ ಎಲ್ಲವನ್ನೂ ಕಂಡು, ಮರುದಿನ ಹೆದರಿ ಬಾಯಿ ಮುಚ್ಚಿಕೊಂಡ.

ಮೂಗರ್ಜಿಯೊಂದರಿಂದಲೇ ಡಾಂಟೆಸ್ ಹಾಳಾಗಲಿಲ್ಲ. ಸರ್ಕಾರಿ ವಕೀಲ ವಿಲ್‌ಫೋರ್ ಅವನನ್ನು ವಿಚಾರಿಸಿ, ಹುಡುಗ ನಿರಪರಾಧಿ ಎಂದು ಮನಗಂಡು ಬಿಡುವುದರಲ್ಲಿದ್ದ. ಅಷ್ಟರಲ್ಲಿ ಡಾಂಟೆಸ್ ತಂದಿದ್ದ ಪತ್ರ ತನ್ನ ಸ್ವಂತ ತಂದೆಯ ವಿಳಾಸಕ್ಕೆ ಬಂದದ್ದೆಂದು ಕಂಡಿತು. ಅದು ಹೊರಬಿದ್ದರೆ ತನ್ನ ಹುದ್ದೆಗೆ ಕುತ್ತು. ವಿಲ್‌ಫೋರ್ ಪತ್ರವನ್ನು ಸುಟ್ಟು, ಹುಡುಗನನ್ನು ಸಮುದ್ರದ ನಡುವಿನ ಶಾತೋ ದೀಫ್ ಕೋಟೆಯ ಸೆರೆಗೆ ಕಳಿಸಿದ. ಡಾಂಟೆಸ್ ಅಲ್ಲಿ ಹದಿನಾಲ್ಕು ವರ್ಷ ಇದ್ದ. ಹೊರಗೆ ಮುದಿ ತಂದೆ ಅನ್ನ ಬಿಟ್ಟು ಸತ್ತ. ಮರ್ಸೆಡೆಸ್ ಕಾದು ಸೋತು ಫರ್ನಾಂಡ್‌ನನ್ನೇ ಮದುವೆಯಾದಳು.

ಈ ಅನ್ಯಾಯದ ಚಿತ್ರ ಡ್ಯೂಮಾನಿಗೆ ಕೇವಲ ಕಲ್ಪನೆಯಿಂದ ಬಂದದ್ದಲ್ಲ ಎನಿಸುತ್ತದೆ. ಅವನ ತಂದೆ, ಗುಲಾಮ ತಾಯಿಗೆ ಹುಟ್ಟಿ ಫ್ರೆಂಚ್ ಸೈನ್ಯದಲ್ಲಿ ಜನರಲ್ ಆದವರು, ನೇಪಲ್ಸ್ ರಾಜ್ಯದ ಸೆರೆಯಲ್ಲಿ ಎರಡು ವರ್ಷ ನರಳಿ ಆರೋಗ್ಯ ಕಳೆದುಕೊಂಡಿದ್ದರು. 1806ರಲ್ಲಿ ಅವರು ತೀರಿಕೊಂಡಾಗ ಮಗನಿಗಿನ್ನೂ ನಾಲ್ಕು ತುಂಬಿರಲಿಲ್ಲ. ವಿಧವೆಗೆ ಸರ್ಕಾರ ಪಿಂಚಣಿ ಕೊಡಲಿಲ್ಲ.

ಸೆರೆಯಲ್ಲಿ ಡಾಂಟೆಸ್‌ನಿಗೆ ಗುರು ಫರಿಯಾ ಸಿಗುತ್ತಾರೆ. ಈ ಹೆಸರು ನಮ್ಮ ಪಕ್ಕದ ಗೋವೆಯಿಂದ ಹೋದದ್ದು. ಬಾರ್ದೇಶದ ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿದ ಗುರು ಜೋಸೆ ಕುಸ್ತೋದಿಯೊ ದೆ ಫರಿಯಾ ಪ್ಯಾರಿಸಿನಲ್ಲಿ ಸಂಮೋಹನ ವಿದ್ಯೆಯ ಪ್ರಯೋಗಗಳಿಂದ ಹೆಸರಾಗಿ 1819ರಲ್ಲಿ ಅಲ್ಲಿಯೇ ಮೃತರಾದರು. ಪಣಜಿಗೆ ಹೋದವರು ಅವರ ಪ್ರತಿಮೆಯನ್ನು ನೋಡಿರುತ್ತೀರಿ. ಕಾದಂಬರಿಯ ಫರಿಯಾ ಇಟಲಿಯವರು, ಅವರ ಕಥೆಯೂ ಬೇರೆ. ಡಾಂಟೆಸ್ ಹೇಳಿದ ನಾಲ್ಕು ಮಾತುಗಳಿಂದಲೇ ಅವನಿಗೆ ದ್ರೋಹ ಮಾಡಿದವರು ಯಾರೆಂದು ಅವರು ಬಿಡಿಸಿ ಹೇಳುತ್ತಾರೆ. ಹೇಳಿದ ಮೇಲೆ ಅವನ ಮುಖ ನೋಡಿ ಪಶ್ಚಾತ್ತಾಪ ಪಡುತ್ತಾರೆ: ಅಲ್ಲಿಯವರೆಗೆ ಅವನ ಹೃದಯದಲ್ಲಿ ಇಲ್ಲದಿದ್ದ ಸೇಡನ್ನು ತಾನೇ ಬಿತ್ತಿದೆನಲ್ಲಾ ಎಂದು. ಸತ್ಯವನ್ನು ತಿಳಿಸಿದ್ದು ತಪ್ಪಲ್ಲ. ಆದರೆ ಸತ್ಯ ತಿಳಿದವನು ಮುಂದೇನು ಮಾಡುತ್ತಾನೆಂಬ ಚಿಂತೆ ಆ ವೃದ್ಧ ಗುರುವಿಗೆ ಹತ್ತಿತು.

ನ್ಯಾಯ ಬೇಡುವುದು ಪಾಪವೇ?

ಕಥೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸೋಣ. ಕ್ರೈಸ್ತನಾದವನು ಎಲ್ಲವನ್ನೂ ನುಂಗಿಕೊಂಡು ಸುಮ್ಮನಿರಬೇಕು ಎಂದು ಕೆಲವರು ಉಪದೇಶಿಸುತ್ತಾರೆ. ಹಾಗೆ ಉಪದೇಶಿಸುವವರು ಸಾಮಾನ್ಯವಾಗಿ ಅನ್ಯಾಯಕ್ಕೆ ಗುರಿಯಾದವರಲ್ಲ. ಸಂತ ಲೂಕರ ಶುಭಸಂದೇಶದ 18ನೇ ಅಧ್ಯಾಯ ತೆರೆದು ನೋಡಿ. ಎಡೆಬಿಡದೆ ಪ್ರಾರ್ಥಿಸುವುದು ಹೇಗೆಂದು ಕಲಿಸಲು ಯೇಸುಸ್ವಾಮಿ ಆರಿಸಿಕೊಂಡದ್ದು ಅನ್ಯಾಯಗಾರ ನ್ಯಾಯಾಧೀಶನ ಬಾಗಿಲಿಗೆ ದಿನವೂ ಹೋಗಿ ನ್ಯಾಯ ಕೇಳಿದ ಒಬ್ಬ ವಿಧವೆಯನ್ನು. ಪ್ರಧಾನಯಾಜಕನ ವಿಚಾರಣೆಯಲ್ಲಿ ಕಾವಲುಗಾರ ಕಪಾಳಕ್ಕೆ ಹೊಡೆದಾಗ ಸ್ವಾಮಿ ತಿರುಗಿ ಹೊಡೆಯಲಿಲ್ಲ. ಹಾಗೆಂದು ಮೌನವಾಗಿಯೂ ಇರಲಿಲ್ಲ, ಹೊಡೆದದ್ದು ಏಕೆಂದು ಕೇಳಿದರು (ಯೊವಾನ್ನ 18:23).

ಧರ್ಮಸಭೆಯ ಬೋಧನೆಯೂ ಹೀಗೆಯೇ ಇದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 2302ನೇ ಪರಿಚ್ಛೇದದಲ್ಲಿ ಸಂತ ಥಾಮಸ್ ಅಕ್ವಿನಾಸರ ವಿಚಾರವನ್ನು ಅನುಸರಿಸಿ ಎರಡು ಬಗೆಯ ಮನಸ್ಸನ್ನು ಬೇರ್ಪಡಿಸುತ್ತದೆ. ತಪ್ಪು ಮಾಡಿದವನಿಗೆ ಕೇಡಾಗಲೆಂದೇ ಸೇಡನ್ನು ಬಯಸುವುದು ಸಲ್ಲದು. ದುರ್ಗುಣ ತಿದ್ದಲೆಂದು, ನ್ಯಾಯ ಉಳಿಯಲೆಂದು ಪರಿಹಾರ ತೆರುವಂತೆ ಮಾಡುವುದು ಮೆಚ್ಚತಕ್ಕದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಂಡಾವು: ಎರಡರಲ್ಲೂ ತಪ್ಪಿತಸ್ಥನಿಗೆ ಕಷ್ಟವಾಗುತ್ತದೆ. ಆದರೆ ಒಂದರಲ್ಲಿ ಅವನ ಕಷ್ಟವೇ ಗುರಿ, ಇನ್ನೊಂದರಲ್ಲಿ ಕೆಟ್ಟದ್ದು ಸರಿಯಾಗುವುದು ಗುರಿ.

ಹಳೆಯ ಒಡಂಬಡಿಕೆಯ ಕಣ್ಣಿಗೆ ಕಣ್ಣು ಎಂಬ ನಿಯಮವನ್ನು ಕ್ರೂರವೆಂದು ನಾವು ಸುಲಭವಾಗಿ ಬದಿಗಿಡುತ್ತೇವೆ. ಅದಕ್ಕೂ ಮುಂಚೆ ಏನಿತ್ತು ನೋಡಿ. ಆದಿಕಾಂಡದ 4ನೇ ಅಧ್ಯಾಯದಲ್ಲಿ ಲೆಮೆಕನು ತನಗಾದ ಒಂದು ಗಾಯಕ್ಕೆ ಎಪ್ಪತ್ತೇಳರಷ್ಟು ಮುಯ್ಯಿ ತೀರಿಸುವುದಾಗಿ ಹೆಂಡಿರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಾನೆ. ಒಂದು ಕಣ್ಣಿಗೆ ಒಂದೇ ಕಣ್ಣು, ಅದಕ್ಕಿಂತ ಹೆಚ್ಚಿಲ್ಲ ಎಂದು ಮೋಶೆಯ ಧರ್ಮಶಾಸ್ತ್ರ ಆ ಮುಯ್ಯಿಗೆ ಮಿತಿ ಹಾಕಿತು. ಎಷ್ಟು ಸಲ ಕ್ಷಮಿಸಬೇಕು ಎಂದು ಪೇತ್ರ ಕೇಳಿದಾಗ ಯೇಸುಸ್ವಾಮಿ ಹೇಳಿದ ಸಂಖ್ಯೆ ಲೆಮೆಕನ ಆ ಸಂಖ್ಯೆಯನ್ನೇ ನೆನಪಿಸುತ್ತದೆ (ಮತ್ತಾಯ 18:22). ಲೆಮೆಕನು ಸೇಡಿಗೆ ಬಳಸಿದ ಲೆಕ್ಕವನ್ನು ಸ್ವಾಮಿ ಕ್ಷಮೆಗೆ ತಿರುಗಿಸಿದರು.

ದೇವರ ಸ್ಥಾನದಲ್ಲಿ ಒಬ್ಬ ಮನುಷ್ಯ

ಮತ್ತೆ ಕಥೆಗೆ ಬರೋಣ. ಫರಿಯಾ ಸತ್ತಾಗ ಅವರ ಹೆಣದ ಚೀಲದಲ್ಲಿ ತಾನು ಮಲಗಿ, ಸಮುದ್ರಕ್ಕೆ ಎಸೆಯಲ್ಪಟ್ಟು, ಡಾಂಟೆಸ್ 1829ರಲ್ಲಿ ತಪ್ಪಿಸಿಕೊಳ್ಳುತ್ತಾನೆ. ಗುರುಗಳು ತಿಳಿಸಿದ್ದ ಮಾಂಟೆ ಕ್ರಿಸ್ಟೋ ದ್ವೀಪದ ನಿಧಿ ಅವನಿಗೆ ಸಿಗುತ್ತದೆ. ಟಸ್ಕನಿಯ ಕಡಲಲ್ಲಿ ಆ ದ್ವೀಪ ನಿಜವಾಗಿಯೂ ಇದೆ. ಹೆಸರಿನ ಅರ್ಥ ಕ್ರಿಸ್ತನ ಬೆಟ್ಟ. ಆ ಪವಿತ್ರ ಹೆಸರನ್ನೇ ಅವನು ತನ್ನ ವೇಷಕ್ಕೆ ಇಟ್ಟುಕೊಂಡ. ಇನ್ನೊಂದು ವೇಷ ಗುರುವಿನದು.

ಹಣ ಸಿಕ್ಕ ಕೂಡಲೇ ಅವನು ಮಾಡಿದ ಕೆಲಸ ಒಳ್ಳೆಯದು. ತನ್ನ ಬಿಡುಗಡೆಗಾಗಿ ಅಧಿಕಾರಿಗಳ ಬಾಗಿಲು ತಟ್ಟಿದ್ದ, ತನ್ನ ತಂದೆಯನ್ನು ನೋಡಿಕೊಂಡಿದ್ದ ಹಡಗಿನ ಮಾಲೀಕ ಮೊರೆಲ್ ಸಾಲದಲ್ಲಿ ಮುಳುಗಿ ಆತ್ಮಹತ್ಯೆಗೆ ಸಿದ್ಧನಾಗಿದ್ದ. ಡಾಂಟೆಸ್ ತನ್ನ ಗುರುತು ಕೊಡದೆ ಸಾಲ ತೀರಿಸಿ, ಮುಳುಗಿಹೋದ ಹಡಗಿನಂಥದ್ದೇ ಹೊಸ ಹಡಗನ್ನು ಬಂದರಿಗೆ ತರಿಸಿದ. ಇದು ಕೃತಜ್ಞತೆ, ಇದು ನ್ಯಾಯವೂ ಹೌದು. ಆ ಕುಟುಂಬದ ಸಂತೋಷವನ್ನು ಮರೆಯಲ್ಲಿ ನಿಂತು ನೋಡಿದ ಅವನು ಅದೇ ಗಳಿಗೆಯಲ್ಲಿ ದಯೆಗೆ ವಿದಾಯ ಹೇಳುತ್ತಾನೆ. ಒಳ್ಳೆಯವರಿಗೆ ಪ್ರತಿಫಲ ಕೊಡಲು ದೈವಪರಿಪಾಲನೆಯ ಬದಲಿಗೆ ತಾನು ನಿಂತೆ, ಇನ್ನು ಕೆಟ್ಟವರನ್ನು ದಂಡಿಸುವ ಸ್ಥಾನವನ್ನೂ ದೇವರು ತನಗೆ ಬಿಟ್ಟುಕೊಡಲಿ ಎಂಬುದು ಅವನ ಎಣಿಕೆ. ಅವನ ಪತನ ಇಲ್ಲಿ ಆರಂಭವಾಯಿತೆಂದು ನನ್ನ ಅಭಿಪ್ರಾಯ. ಮುಂದೆ ನಡೆಯುವ ಸಾವುಗಳಿಗಿಂತ ಈ ಪ್ರಾರ್ಥನೆಯೇ ಹೆಚ್ಚು ಭಯ ಹುಟ್ಟಿಸುತ್ತದೆ. ಸಂತ ಪೌಲರು ರೋಮನರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಮುಯ್ಯಿ ತೀರಿಸುವುದನ್ನು ದೇವರಿಗೇ ಬಿಡಬೇಕೆಂದು ಹೇಳಿದ್ದನ್ನು ಅವನು ತಲೆಕೆಳಗು ಮಾಡಿದ: ದೇವರೇ ತನಗೆ ಬಿಡಬೇಕು.

ಒಂಬತ್ತು ವರ್ಷ ತಯಾರಿ ನಡೆಸಿ 1838ರಲ್ಲಿ ಅವನು ಪ್ಯಾರಿಸ್ ಸೇರುತ್ತಾನೆ. ಫರ್ನಾಂಡ್ ಈಗ ಕುಲೀನ, ಡಾಂಗ್ಲಾರ್ ಬ್ಯಾಂಕಿನ ಧಣಿ, ವಿಲ್‌ಫೋರ್ ರಾಜ್ಯದ ದೊಡ್ಡ ವಕೀಲ. ಮೂವರಿಗೆ ಆಗುವುದನ್ನೂ ಹೋಲಿಸಿ ನೋಡಬೇಕು, ಏಕೆಂದರೆ ಮೂರೂ ಒಂದೇ ಬಗೆಯದಲ್ಲ.

ಫರ್ನಾಂಡ್ ತನ್ನನ್ನು ನಂಬಿದ್ದ ಜನೀನಾದ ಆಲಿ ಪಾಷಾನನ್ನು ಶತ್ರುಗಳಿಗೆ ಹಿಡಿದುಕೊಟ್ಟು, ಅವನ ಹೆಂಡತಿ ಮಗಳನ್ನು ಗುಲಾಮರನ್ನಾಗಿ ಮಾರಿದವನು. ಆ ಮಗಳು ಹೈದೆ ಮೇಲ್ಮನೆಯ ವಿಚಾರಣೆಗೆ ಬಂದು, ತನ್ನನ್ನು ಮಾರಿದ ಕ್ರಯಪತ್ರವನ್ನೇ ಸಭೆಯ ಮುಂದಿಟ್ಟು ಸಾಕ್ಷಿ ನುಡಿಯುತ್ತಾಳೆ. ಆರೋಪಿಗೆ ಉತ್ತರ ಕೊಡಲು ಅವಕಾಶ ಸಿಗುತ್ತದೆ, ಅವನಿಗೆ ಉತ್ತರವಿರುವುದಿಲ್ಲ. ಇದರ ಹಿಂದೆಯೂ ಕೌಂಟನ ಕೈವಾಡವಿದೆ. ಆದರೂ ಬಹಿರಂಗ ವಿಚಾರಣೆ, ದಾಖಲೆ, ಸಾಕ್ಷಿ, ತೀರ್ಪು ಇರುವುದರಿಂದ ಇದು ನ್ಯಾಯಕ್ಕೆ ಹತ್ತಿರ. ಹಡಗಿನ ಮೂಗರ್ಜಿಯನ್ನೂ ಹೈದೆಯ ಸಾಕ್ಷ್ಯವನ್ನೂ ಅಕ್ಕಪಕ್ಕ ಇಟ್ಟು ನೋಡಿ: ಒಂದರಲ್ಲಿ ಹೆಸರಿಲ್ಲ, ಇನ್ನೊಂದರಲ್ಲಿ ನೊಂದವಳು ಮುಸುಕು ತೆಗೆದು ನಿಲ್ಲುತ್ತಾಳೆ.

ಅಪ್ಪನ ಮಾನ ಹೋಯಿತೆಂದು ಮಗ ಆಲ್ಬರ್ಟ್ ಕೌಂಟನನ್ನು ದ್ವಂದ್ವಯುದ್ಧಕ್ಕೆ ಕರೆಯುತ್ತಾನೆ. ಕೌಂಟ್ ಅವನನ್ನು ಕೊಲ್ಲಲು ಸಿದ್ಧ. ತಂದೆಯ ಪಾಪ ಮಕ್ಕಳ ಮೇಲೆ ಬರುತ್ತದೆಂಬ ಬೈಬಲ್ ಮಾತು ಅವನ ನಾಲಗೆಯ ತುದಿಯಲ್ಲೇ ಇದೆ. ಎಜೆಕಿಯೇಲ ಪ್ರವಾದಿಯ 18ನೇ ಅಧ್ಯಾಯ ಅವನಿಗೆ ನೆನಪಾಗಲಿಲ್ಲ. ತಂದೆಯ ಪಾಪದ ಫಲವನ್ನು ಮಗನು ಹೊರುವುದಿಲ್ಲವೆಂದು ದೇವರು ಅಲ್ಲಿ ಸ್ಪಷ್ಟಪಡಿಸುತ್ತಾರೆ. ಸೇಡಿನ ಮನಸ್ಸು ಪವಿತ್ರಗ್ರಂಥದಲ್ಲಿ ತನಗೆ ಬೇಕಾದ ಪುಟವನ್ನು ಮಾತ್ರ ತೆರೆಯುತ್ತದೆ. ಆ ರಾತ್ರಿ ಮರ್ಸೆಡೆಸ್ ಬಂದು, ಯಾರೂ ಕರೆಯದ ಅವನ ಹಳೆಯ ಹೆಸರಿನಿಂದ ಅವನನ್ನು ಕರೆದು, ಮಗನ ಪ್ರಾಣ ಬೇಡುತ್ತಾಳೆ. ಅವನು ಮಣಿಯುತ್ತಾನೆ. ತಾಯಿಯಿಂದ ಸತ್ಯ ತಿಳಿದ ಆಲ್ಬರ್ಟ್ ಮರುದಿನ ಎಲ್ಲರೆದುರು ಕೌಂಟನ ಕ್ಷಮೆ ಕೇಳುತ್ತಾನೆ. ತಾಯಿ ಮಗ ಇಬ್ಬರೂ ಫರ್ನಾಂಡ್‌ನ ಆಸ್ತಿಯಲ್ಲಿ ಏನನ್ನೂ ತೆಗೆದುಕೊಳ್ಳದೆ ಮನೆ ಬಿಟ್ಟು ಹೋಗುತ್ತಾರೆ. ಅವರು ಹೊರಡುವುದನ್ನು ಕಂಡ ಫರ್ನಾಂಡ್ ಗುಂಡು ಹಾರಿಸಿಕೊಂಡು ಸಾಯುತ್ತಾನೆ.

ಆ ಮಗು

ವಿಲ್‌ಫೋರನ ಮನೆಯಲ್ಲಿ ನಡೆದದ್ದು ಇದಕ್ಕಿಂತ ಘೋರ. ಅವನ ಎರಡನೇ ಹೆಂಡತಿಗೆ ತನ್ನ ಮಗ ಎಡ್ವರ್ಡ್‌ನಿಗೆ ಎಲ್ಲ ಆಸ್ತಿ ಬರಬೇಕೆಂಬ ದುರಾಸೆ. ಇದನ್ನು ಗ್ರಹಿಸಿದ ಕೌಂಟ್ ಅವಳೊಂದಿಗೆ ವಿಷಗಳ ಬಗ್ಗೆ ಬಹಳ ಹೊತ್ತು ಪಾಂಡಿತ್ಯದ ಮಾತಾಡುತ್ತಾನೆ; ಹನಿ ಲೆಕ್ಕದಲ್ಲಿ ಔಷಧ, ಹೆಚ್ಚಾದರೆ ವಿಷ ಆಗುವ ದ್ರವವನ್ನೂ ಕಳಿಸಿಕೊಡುತ್ತಾನೆ. ಕೊಲ್ಲೆಂದು ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟ, ಅಷ್ಟೇ. ಆ ಮನೆಯಲ್ಲಿ ಒಬ್ಬೊಬ್ಬರಾಗಿ ಸಾಯತೊಡಗಿದಾಗ ಏನು ನಡೆಯುತ್ತಿದೆಯೆಂದು ಗೊತ್ತಿದ್ದೂ ಸುಮ್ಮನಿದ್ದ. ವಿಲ್‌ಫೋರನ ಮೊದಲ ಹೆಂಡತಿಯ ಮಗಳು ವ್ಯಾಲೆಂಟೀನ್ ಸಾಯಲಿದ್ದಾಳೆಂದಾಗಲೂ ಅವನ ಮನಸ್ಸು ಕರಗಲಿಲ್ಲ. ಅವಳನ್ನು ಪ್ರೀತಿಸುತ್ತಿರುವವನು ತನ್ನ ಉಪಕಾರಿ ಮೊರೆಲನ ಮಗ ಮ್ಯಾಕ್ಸಿಮಿಲಿಯನ್ ಎಂದು ತಿಳಿದ ಮೇಲೆಯೇ ಅವಳನ್ನು ಉಳಿಸಲು ಮುಂದಾದ.

ಪಾಪನಿವೇದನೆಗೆ ಸಿದ್ಧರಾಗುವಾಗ ನಾವು ಈ ಭಾಗವನ್ನು ನೆನೆಯಬೇಕು. ನಾನೇನೂ ಮಾಡಲಿಲ್ಲ, ಕೇಳಿದ್ದಕ್ಕೆ ಇದ್ದದ್ದು ಹೇಳಿದೆ ಎಂದು ನಾವೂ ಹೇಳುತ್ತೇವೆ. ಅತ್ತೆಯ ಕಿವಿಯಲ್ಲಿ ಸೊಸೆಯ ಬಗ್ಗೆ, ಸಂಬಂಧ ನೋಡಲು ಬಂದವರ ಮುಂದೆ ದಾಯಾದಿಯ ಮಗಳ ಬಗ್ಗೆ, ಹೇಳಿದ್ದೆಲ್ಲ ನಿಜವೇ ಆಗಿರಬಹುದು. ಯಾವ ಉದ್ದೇಶದಿಂದ ಹೇಳಿದೆವು ಎಂಬುದು ನಮಗೆ ಗೊತ್ತು.

ಕೊನೆಗೆ ಹೆಂಡತಿಯ ಪಾತಕ ತಿಳಿದ ವಿಲ್‌ಫೋರ್, ತಾನು ಮನೆಗೆ ಮರಳುವಷ್ಟರಲ್ಲಿ ನೀನೇ ನಿನ್ನ ಶಿಕ್ಷೆ ಮುಗಿಸಿಕೋ ಎಂದು ಅವಳಿಗೆ ಹೇಳಿ ನ್ಯಾಯಾಲಯಕ್ಕೆ ಹೋಗುತ್ತಾನೆ. ಅಲ್ಲಿ ಅವನದೇ ಹಳೆಯ ಪಾಪ ಬಯಲಾಗುತ್ತದೆ. ಮಗುವಾಗಿದ್ದಾಗ ಅವನು ಜೀವಂತ ಹೂತಿದ್ದ ಅಕ್ರಮ ಮಗನೇ ಕಟಕಟೆಯಲ್ಲಿ ನಿಂತು ಎಲ್ಲವನ್ನೂ ಹೇಳುತ್ತಾನೆ. ತಾನೂ ಪಾಪಿಯೇ, ಅವಳನ್ನು ಕ್ಷಮಿಸಿ ಎಲ್ಲಿಗಾದರೂ ಹೋಗೋಣವೆಂದು ವಿಲ್‌ಫೋರ್ ಓಡಿ ಬಂದರೆ ಅವಳು ವಿಷ ಕುಡಿದಿದ್ದಾಳೆ, ಮಗು ಎಡ್ವರ್ಡ್‌ನಿಗೂ ಕುಡಿಸಿದ್ದಾಳೆ. ಆಗಲೇ ಬಂದು ತಾನು ಯಾರೆಂದು ಹೇಳುವ ಕೌಂಟನ ಕೈಹಿಡಿದು ವಿಲ್‌ಫೋರ್ ಆ ಎರಡು ಹೆಣಗಳನ್ನು ತೋರಿಸುತ್ತಾನೆ, ನಿನ್ನ ಸೇಡು ತೀರಿತೇ ಎಂದು ಕೇಳುತ್ತಾನೆ. ಕೌಂಟ್ ಮಗುವನ್ನೆತ್ತಿಕೊಂಡು ಪಕ್ಕದ ಕೋಣೆಗೆ ಓಡುತ್ತಾನೆ. ತನ್ನಲ್ಲಿದ್ದ ಔಷಧದಿಂದ ಬದುಕಿಸಲು ಹೆಣಗುತ್ತಾನೆ. ಕಾಲು ಗಂಟೆಯ ನಂತರ ಹೊರಬಂದು, ಮಗುವನ್ನು ತಾಯಿಯ ಪಕ್ಕದಲ್ಲಿ ಮಲಗಿಸುತ್ತಾನೆ. ವಿಲ್‌ಫೋರ್ ಹುಚ್ಚನಾಗಿ ತೋಟದಲ್ಲಿ ನೆಲ ಅಗೆಯುತ್ತಿರುತ್ತಾನೆ.

ಅಲ್ಲಿಯವರೆಗೆ ದೇವರು ತನ್ನ ಪಕ್ಷದಲ್ಲಿದ್ದಾರೆಂದು ಹೇಳಿಕೊಳ್ಳುತ್ತಿದ್ದವನಿಗೆ ಇನ್ನು ಆ ಮಾತು ಬಾಯಿಗೆ ಬರುವುದಿಲ್ಲ. ಎಷ್ಟೆಲ್ಲ ಲೆಕ್ಕ ಹಾಕಿದ್ದರೂ ಆ ಮಗುವಿನ ಸಾವು ಅವನ ಲೆಕ್ಕದಲ್ಲಿ ಇರಲಿಲ್ಲ. ಸೇಡಿಗೆ ಗುರಿಯಿಡಲು ಬರುವುದಿಲ್ಲ. ಅಪ್ಪನಿಗೆ ಹೊಡೆದದ್ದು ಮಗುವಿಗೆ ತಗಲುತ್ತದೆ. ನಮ್ಮ ಮನೆಗಳಲ್ಲಿ ವಿಷ ಕುಡಿಸುವುದಿಲ್ಲ ನಿಜ. ಚಿಕ್ಕಪ್ಪನ ಮಕ್ಕಳ ಜೊತೆ ಆಡಬೇಡ, ಆ ಮನೆಯ ಮೊದಲ ಪರಮಪ್ರಸಾದದ ಊಟಕ್ಕೆ ಹೋಗಕೂಡದು ಎಂದು ಎಂಟು ವರ್ಷದ ಮಗುವಿಗೆ ಹೇಳುತ್ತೇವಲ್ಲ, ಆ ಬದುವಿನ ಜಗಳದಲ್ಲಿ ಅದರ ಪಾಲೆಷ್ಟು?

ಡ್ಯೂಮಾ ಈ ಕಥೆಯ ಎಳೆಯನ್ನು ಜಾಕ್ ಪ್ಯೂಶೆ ಎಂಬವರ ಪುಸ್ತಕದಿಂದ ತೆಗೆದುಕೊಂಡ. ಅದರಲ್ಲಿ ಸೇಡು ತೀರಿಸಿದ ಚಮ್ಮಾರ ಕಡೆಗೆ ತಾನೇ ಕೊಲೆಯಾಗುತ್ತಾನೆ. ಡ್ಯೂಮಾ ತನ್ನ ನಾಯಕನನ್ನು ಕೊಲ್ಲಲಿಲ್ಲ. ಮನಸ್ಸು ತಿರುಗಲು ಅವಕಾಶ ಕೊಟ್ಟ.

ಕ್ಷಮಿಸಿದರೆ ನ್ಯಾಯವನ್ನು ಬಿಟ್ಟಂತೆಯೇ?

1981ರ ಮೇ 13ರಂದು ರೋಮಿನ ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಎರಡನೇ ಜಾನ್ ಪೌಲರ ಮೇಲೆ ಗುಂಡು ಹಾರಿಸಿದವನನ್ನು ಅವರು ಕೆಲವೇ ದಿನಗಳಲ್ಲಿ ಬಹಿರಂಗವಾಗಿ ಕ್ಷಮಿಸಿದರು. 1983ರ ಡಿಸೆಂಬರ್ 27ರಂದು ಸೆರೆಮನೆಗೆ ಹೋಗಿ ಅವನ ಪಕ್ಕದಲ್ಲಿ ಕುಳಿತು ಮಾತಾಡಿದರು. ಆದರೂ ಇಟಲಿಯ ನ್ಯಾಯಾಲಯ ವಿಧಿಸಿದ ಶಿಕ್ಷೆ ಮುಂದುವರಿಯಿತು. ಅಲ್ಲಿನ ರಾಷ್ಟ್ರಪತಿಗಳು ಅವನಿಗೆ ಕ್ಷಮಾದಾನ ನೀಡಿದ್ದು 2000ದಲ್ಲಿ. ಹೃದಯದ ಕ್ಷಮೆಗೆ ಜಗದ್ಗುರುಗಳು ತೀರ್ಪು ಮುಗಿಯುವವರೆಗೆ ಕಾಯಲಿಲ್ಲ, ತಮ್ಮ ಕ್ಷಮೆಯಿಂದ ನ್ಯಾಯಾಲಯವನ್ನೂ ತಡೆಯಲಿಲ್ಲ.

ಆದುದರಿಂದ ನಿಮ್ಮ ಹಕ್ಕಿನ ಜಾಗಕ್ಕಾಗಿ ಸಹಿ ಹಾಕಿ ಅರ್ಜಿ ಕೊಡುವುದು, ಹಿರಿಯರನ್ನು ಕೂರಿಸಿ ಮಾತಾಡುವುದು, ಬೇರೆ ದಾರಿಯಿಲ್ಲದಿದ್ದರೆ ನ್ಯಾಯಾಲಯಕ್ಕೆ ಹೋಗುವುದು ಕ್ಷಮೆಗೆ ವಿರುದ್ಧವಲ್ಲ. ಕಳೆದುಕೊಂಡದ್ದು ಹಿಂದಿರುಗಬೇಕೆಂದು ಧರ್ಮಸಭೆಯೇ ಬೋಧಿಸುತ್ತದೆ. ಆದರೆ ಅರ್ಜಿ ಕೊಡುವ ಮುನ್ನ ಒಂದು ಚೀಟಿಯಲ್ಲಿ ಬರೆದಿಡಿ: ನನಗೆ ಏನು ಸಿಕ್ಕಿದರೆ ಇದು ಮುಗಿಯುತ್ತದೆ? ಉತ್ತರ ಇಂತಿಷ್ಟು ಗುಂಟೆ, ಇಂತಿಷ್ಟು ಹಣ, ಹತ್ತು ಜನರ ಮುಂದೆ ಒಂದು ಕ್ಷಮೆಯ ಮಾತು ಎಂದಿದ್ದರೆ ನೀವು ನ್ಯಾಯದ ದಾರಿಯಲ್ಲಿದ್ದೀರಿ. ಅವನು ಬೀದಿಗೆ ಬರಬೇಕು ಎಂದಿದ್ದರೆ ಗುರುಗಳ ಬಳಿ ಹೋಗುವ ಹೊತ್ತಾಗಿದೆ.

ನೋವು ಮಾತ್ರ ಒಮ್ಮೆಗೇ ಹೋಗುವುದಿಲ್ಲ. ಅಪರಾಧವನ್ನು ಮರೆಯುವುದಾಗಲಿ ನೋವನ್ನು ಅನುಭವಿಸದಿರುವುದಾಗಲಿ ನಮ್ಮ ಕೈಯಲ್ಲಿಲ್ಲವೆಂದು ಧರ್ಮೋಪದೇಶ ಗ್ರಂಥ ಒಪ್ಪುತ್ತದೆ (2843). ಪವಿತ್ರಾತ್ಮರಿಗೆ ಒಪ್ಪಿಸಿಕೊಟ್ಟ ಹೃದಯದಲ್ಲಿ ಆ ಗಾಯವೇ, ನೋಯಿಸಿದವನಿಗಾಗಿ ಮಾಡುವ ಪ್ರಾರ್ಥನೆಯಾಗಿ ಬದಲಾಗಬಹುದೆಂದು ಅದು ಹೇಳುತ್ತದೆ. ಮನಸ್ಸು ಒಪ್ಪದಿದ್ದರೂ ಆ ಹೆಸರನ್ನು ರಾತ್ರಿಯ ಜಪಸರದಲ್ಲಿ ಒಮ್ಮೆ ಹೇಳುವುದರಿಂದ ಆರಂಭಿಸಬಹುದು.

ಉಳಿದವನು ಡಾಂಗ್ಲಾರ್, ಮೂಗರ್ಜಿಯನ್ನು ಬರೆದ ಕೈ. ಆಸ್ಪತ್ರೆಗಳ ಐವತ್ತು ಲಕ್ಷ ಫ್ರಾಂಕ್ ಹಣದೊಂದಿಗೆ ಓಡಿಹೋಗುತ್ತಿದ್ದ ಅವನನ್ನು ಕೌಂಟನ ಕಡೆಯ ದರೋಡೆಕೋರರು ರೋಮಿನ ಬಳಿ ಹಿಡಿದು, ಒಂದು ಕೋಳಿಗೆ ಒಂದು ಲಕ್ಷ ಫ್ರಾಂಕ್ ಕೇಳುತ್ತಾ, ಹಸಿವೆಂದರೇನೆಂದು ಅವನಿಗೆ ಕಲಿಸುತ್ತಾರೆ. ಡಾಂಟೆಸ್‌ನ ತಂದೆ ಸತ್ತದ್ದು ಹಸಿವಿನಿಂದಲೇ. ಆದರೆ ಎಡ್ವರ್ಡ್ ಸತ್ತ ದಿನವೇ ಕೌಂಟ್ ಈ ಕೊನೆಯವನನ್ನಾದರೂ ಉಳಿಸಬೇಕೆಂದುಕೊಂಡಿದ್ದ. ಡಾಂಗ್ಲಾರ್ ಪಶ್ಚಾತ್ತಾಪ ಪಟ್ಟೆನೆಂದು ಹೇಳಿದಾಗ ಕೌಂಟ್ ತನ್ನ ಗುರುತು ಹೇಳಿ, ಕ್ಷಮಿಸಿ, ಊಟ ಕೊಟ್ಟು ಬಿಟ್ಟುಬಿಡುತ್ತಾನೆ. ಐವತ್ತು ಲಕ್ಷ ಆಸ್ಪತ್ರೆಗಳಿಗೆ ಹಿಂದಿರುಗುತ್ತದೆ. ಬದುಕಿಗೆಂದು ಐವತ್ತು ಸಾವಿರ ಡಾಂಗ್ಲಾರ್‌ನ ಬಳಿಯೇ ಉಳಿಯುತ್ತದೆ. ಬೆಳಿಗ್ಗೆ ನೀರು ಕುಡಿಯಲು ಹಳ್ಳಕ್ಕೆ ಬಗ್ಗಿದಾಗ ತನ್ನ ತಲೆಗೂದಲು ಪೂರ್ತಿ ಬೆಳ್ಳಗಾಗಿರುವುದು ಅವನಿಗೆ ಕಾಣುತ್ತದೆ.

ಕೌಂಟ್ ಮ್ಯಾಕ್ಸಿಮಿಲಿಯನ್‌ನಿಗೆ ಒಂದು ಪತ್ರ ಬಿಟ್ಟು ಹಡಗೇರುತ್ತಾನೆ. ಒಂದು ಗಳಿಗೆ ತಾನು ದೇವರಿಗೆ ಸಮನೆಂದು ಭಾವಿಸಿದ್ದೆನೆಂದು ಅದರಲ್ಲಿ ಒಪ್ಪಿಕೊಂಡು, ತನಗಾಗಿ ಆಗಾಗ ಪ್ರಾರ್ಥಿಸುವಂತೆ ನಿನ್ನವಳಿಗೆ ಹೇಳು ಎಂದು ಕೇಳಿಕೊಳ್ಳುತ್ತಾನೆ. ಅವಳು ವ್ಯಾಲೆಂಟೀನ್, ವಿಲ್‌ಫೋರನ ಮಗಳು.

ಈ ವಾರದ ಕುಟುಂಬ ಪ್ರಾರ್ಥನೆಯಲ್ಲಿ ಸಿರಾಖ 27:30ರಿಂದ 28:7, ಅದರ ನಂತರ ಮತ್ತಾಯ 18:21-35 ಓದಿರಿ. ಸಾಮಾನ್ಯ ಕಾಲದ 24ನೇ ಭಾನುವಾರ, 'ಎ' ವರ್ಷದಲ್ಲಿ, ಧರ್ಮಸಭೆ ಈ ಎರಡು ವಾಚನಗಳನ್ನು ಒಟ್ಟಿಗೆ ಇಟ್ಟಿದೆ. ಸಾಧ್ಯವಾದರೆ ಮಕ್ಕಳಿಂದಲೇ ಓದಿಸಿ.